ಬೋಸ್ಟನ್ನಿನ ಇಟಲಿಯ ಕೇರಿ

ಹುಟ್ಟಿದೂರನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಹೊರಟವನು ತನ್ನ ದೇವರನ್ನೂ ನಾಲಗೆಯ ರುಚಿಯನ್ನೂ ಬಿಟ್ಟು ಹೋಗಲಾರನು. ಅಮೆರಿಕಾದ ಬೋಸ್ಟನ್ ನಗರದ ‘ನಾರ್ತ್ ಎಂಡ್’ ಎಂಬ ಕೇರಿಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾದುದರಿಂದ ಅದನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಬಂದರಿನ ಮಗ್ಗುಲಲ್ಲಿರುವ ಈ ಕೇರಿಯು ಆ ನಗರದ ಅತಿ ಪುರಾತನವಾದ ಭಾಗಗಳಲ್ಲೊಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲು ಐರ್ಲೆಂಡಿನ ಬಡವರೂ ಬಳಿಕ ಯೆಹೂದ್ಯರೂ ಇಲ್ಲಿ ನೆಲೆಸಿದರು. ಆ ಶತಮಾನದ ಉತ್ತರಾರ್ಧದಲ್ಲಿ ಇಟಲಿಯ ಜಿನೋವಾ ಪ್ರಾಂತದ ಕೆಲವು ಕುಟುಂಬಗಳು ಬಂದುವು. ಅವರ ಹಿಂದೆ ದಕ್ಷಿಣ ಇಟಲಿಯ ರೈತರೂ ಸಿಸಿಲಿ ದ್ವೀಪದ ಬೆಸ್ತರೂ ಸಾವಿರಗಟ್ಟಲೆಯಾಗಿ ಬಂದರು. ಮಣ್ಣಗೆಯುವುದು, ಹಣ್ಣು ಮಾರುವುದು, ಮೀನು ಹಿಡಿಯುವುದು ಅವರ ಜೀವನೋಪಾಯ. ಒಂದೂರಿನವರು ಒತ್ತೊತ್ತಾಗಿ ಒಂದೆಡೆಯಲ್ಲಿಯೇ ವಾಸಿಸುತ್ತಿದ್ದರು.

ಅವರನ್ನು ಒಂದುಗೂಡಿಸಿದುದು ದೇವರ ಉತ್ಸವಗಳು. ಶಾಕಾ ಎಂಬ ಊರಿನ ಬೆಸ್ತರು ೧೯೧೦ರಿಂದಲೂ, ಮೊಂತೆಫಾಲ್ಚೋನೆ ಗ್ರಾಮದವರು ೧೯೧೯ರಿಂದಲೂ ತಮ್ಮ ತಮ್ಮ ಉತ್ಸವಗಳನ್ನು ನಡೆಸುತ್ತಿರುವರು. ವಿಗ್ರಹವನ್ನು ಹೆಗಲ ಮೇಲೆ ಹೊತ್ತು ಬೀದಿ ಬೀದಿ ಸುತ್ತುವಾಗ ಭಕ್ತರು ಅದರ ಪಟ್ಟಿಗಳಿಗೆ ಕಾಣಿಕೆಯ ನೋಟುಗಳನ್ನು ಸಿಕ್ಕಿಸುವರು. ಬೆಸ್ತರ ಉತ್ಸವದಲ್ಲಿ ದೇವದೂತೆಯ ವೇಷದ ಬಾಲಿಕೆಯೊಬ್ಬಳನ್ನು ಹಗ್ಗದಿಂದ ಬೀದಿಯ ಮೇಲೆ ಹಾರಿಸುವುದು ನೋಡತಕ್ಕ ಸಂಗತಿ.

ಆದರೆ ಬಡವರ ಮಾತಿಗೆ ಬೆಲೆಯಿರಲಿಲ್ಲ. ಮದ್ಯಸಾರದ ಕಂಪೆನಿಯೊಂದು ಇವರ ಮನೆಗಳ ಸಮೀಪದಲ್ಲಿಯೇ ಕಾಕಂಬಿಯ ದೊಡ್ಡ ತೊಟ್ಟಿಯನ್ನು ಕಟ್ಟಿತು. ಅದು ಸೋರುತ್ತಿದ್ದರೂ ಕೇಳುವವರಿಲ್ಲ. ೧೯೧೯ನೆಯ ಜನವರಿ ೧೫ರಂದು ತೊಟ್ಟಿಯೊಡೆದು ಸುಮಾರು ೨೩ ಲಕ್ಷ ಗ್ಯಾಲನ್ ಕಾಕಂಬಿಯು ಹೆದ್ದೆರೆಯಂತೆ ನುಗ್ಗಿ ೨೧ ಜನರು ಮಡಿದರು. ಅರಾಜಕವಾದಿಗಳು ಬಾಂಬಿಟ್ಟರೆಂದು ಕಂಪೆನಿಯು ವಾದಿಸಿತು. ೧೯೨೫ರಲ್ಲಿ ತಪ್ಪು ಕಂಪೆನಿಯದೇ ಎಂದು ನಿರ್ಣಯವಾಯಿತು.

೧೯೫೦ರ ದಶಕದಲ್ಲಿ ಎತ್ತರದ ಹೆದ್ದಾರಿಯೊಂದು ಕೇರಿಯನ್ನು ನಗರದಿಂದ ಕತ್ತರಿಸಿತು. ಅಧಿಕಾರಿಗಳು ಕೊಳೆಗೇರಿಯೆಂದೆಣಿಸಿದ ಇದನ್ನು ಜೇನ್ ಜೇಕಬ್ಸ್ ಎಂಬ ಲೇಖಕಿಯು ೧೯೬೧ರ ತಮ್ಮ ಗ್ರಂಥದಲ್ಲಿ ಆರೋಗ್ಯವುಳ್ಳ ಕೇರಿಯೆಂದು ಎತ್ತಿ ತೋರಿಸಿದರು. ನಿವಾಸಿಗಳು ತಾವೇ ಮನೆಗಳನ್ನು ದುರಸ್ತಿ ಮಾಡಿಕೊಂಡಿದ್ದರು. ಬೀದಿಗಳಲ್ಲಿ ಸದಾ ಜನರ ಕಣ್ಣಿದ್ದಿತು. ಮುಂದೆ ಹೆದ್ದಾರಿಯು ನೆಲದಡಿಗೆ ಇಳಿದು, ಅದರ ಜಾಗದಲ್ಲಿ ೨೦೦೮ರಲ್ಲಿ ಉದ್ಯಾನವು ತೆರೆಯಿತು.

ಇಂದು ಬಾಡಿಗೆಗಳು ಏರಿವೆ. ಹಳೆಯ ಮನೆತನಗಳಲ್ಲಿ ಹಲವು ಬೇರೆಡೆಗೆ ಹೋಗಿವೆ. ಉಪಾಹಾರಗೃಹಗಳು ಬೀದಿಗಳನ್ನು ತುಂಬಿವೆ. ಆದರೂ ಆಗಸ್ಟ್ ತಿಂಗಳಿನ ಉತ್ಸವಕ್ಕೆ ಮೊಮ್ಮಕ್ಕಳು ಮರಳಿ ಬಂದು ಅಜ್ಜಂದಿರು ಹೊತ್ತ ವಿಗ್ರಹಕ್ಕೆ ಹೆಗಲು ಕೊಡುವರು. ಗೋಡೆಗಳು ಬೇರೆಯವರ ಪಾಲಾದರೂ ಕೂಡಿ ಬಾಳಿದವರ ಕೇರಿಯು ಅಳಿಯದೆಂಬುದಕ್ಕೆ ಇದೇ ಸಾಕ್ಷಿ.