ಪ್ಯಾಕೆಟ್ಟಿನ ಮುಂದೆ ರಾಗಿ, ಹಿಂದೆ ಮೈದಾ

ಗುಜರಾತಿಗೆ ಕೆಲಸಕ್ಕೆ ಬಂದಿರೋ ನಮ್ಮ ಕನ್ನಡದವರಿಗೆ ಮೊದಲು ಒಂದು ಉಪಯೋಗದ ಮಾತು ಹೇಳಿಬಿಡ್ತೀನಿ. ನಾನಿರೋದು ವಡೋದರಾದ ಮಕರಪುರದಲ್ಲಿ. ಇಲ್ಲಿ ಕಿರಾಣಿ ಅಂಗಡಿಗೆ ಹೋಗಿ "ರಾಗಿ ಇದೆಯಾ" ಅಂದ್ರೆ ಕೆಲವರು ಸುಮ್ಮನೆ ಮುಖ ನೋಡ್ತಾರೆ. "ನಾಗ್ಲಿ" ಅನ್ನಿ, ತಕ್ಷಣ ಗೊತ್ತಾಗುತ್ತೆ. ದಕ್ಷಿಣ ಗುಜರಾತಿನ ಡಾಂಗ್ ಜಿಲ್ಲೆಯಲ್ಲಿ ಬೆಳೆಯೋ ನಾಗ್ಲಿ ಅಂದ್ರೆ ನಮ್ಮ ರಾಗಿನೇ.

ಆದ್ರೆ ನಮ್ಮಲ್ಲಿ ಬಹಳ ಜನ ಅಂಗಡಿ ತನಕ ಹೋಗಲ್ಲ. ಆ್ಯಪ್ ತೆಗೆದು "ರಾಗಿ" ಅಂತ ಟೈಪ್ ಮಾಡ್ತೀವಿ. ರಾಗಿ ಬಿಸ್ಕತ್ತು, ರಾಗಿ ಚಿಪ್ಸ್, ರಾಗಿ ನೂಡಲ್ಸ್ ಸಾಲಾಗಿ ಬಂದು ನಿಲ್ಲುತ್ತೆ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಅದಾದ ಮೇಲಂತೂ ಈ ಸಾಲು ಇನ್ನೂ ಉದ್ದ ಆಗಿದೆ. ಊರಿನ ನೆನಪು ಒಂದು ಕಡೆ, ಮಗು ಒಳ್ಳೇದು ತಿನ್ನಲಿ ಅನ್ನೋ ಆಸೆ ಇನ್ನೊಂದು ಕಡೆ, ಎರಡೂ ಸೇರಿ ಒಂದೇ ಕ್ಲಿಕ್ಕಿಗೆ ಕಾರ್ಟ್‌ಗೆ ಬೀಳುತ್ತೆ. ಆ್ಯಪ್‌ನಲ್ಲಿ ಮೊದಲು ಕಾಣೋದು ಪ್ಯಾಕೆಟ್ಟಿನ ಮುಂಭಾಗ. ಹಿಂಭಾಗದ ಫೋಟೋ ಇದ್ರೆ, ನಾಲ್ಕೋ ಐದೋ ಸಲ ಸ್ವೈಪ್ ಮಾಡಿದ ಮೇಲೆ.

ನಾನು ಇತ್ತೀಚೆಗೆ ಹೀಗೆ ಸ್ವೈಪ್ ಮಾಡಿ ನೋಡಿದ ಒಂದು ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದಾದ ಮೇಲೆ ರಾಗಿ ಹಿಟ್ಟು. ರಾಗಿಯ ಶೇಕಡಾವಾರು ಒಂದಂಕಿಯಲ್ಲಿತ್ತು. ಇದರಲ್ಲಿ ಕಂಪನಿ ಸುಳ್ಳು ಹೇಳಿದೆಯಾ? ಇಲ್ಲ. ರಾಗಿ ಇದೆ, ಎಷ್ಟಿದೆ ಅಂತಲೂ ಬರೆದಿದ್ದಾರೆ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು, ಮುಂಭಾಗದಲ್ಲಿ ಯಾವುದನ್ನು ಎತ್ತಿ ತೋರಿಸ್ತಾರೋ ಅದರ ಪ್ರಮಾಣ ಹೇಳಬೇಕು ಅಂತ ನಿಯಮ ಇದೆ. ಅಂದ್ರೆ ಮುಂಭಾಗ ಬರೆದಿದ್ದು ಮಾರ್ಕೆಟಿಂಗ್‌ನವರು, ಹಿಂಭಾಗ ಬರೆಸಿದ್ದು ಕಾನೂನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವೇರಿಯೇಬಲ್ ಹೆಸರು ಒಂದು, ಅದರೊಳಗಿನ ವ್ಯಾಲ್ಯೂ ಇನ್ನೊಂದು. ಹೆಸರು ನೋಡಿ ಕೋಡ್ ರಿವ್ಯೂ ಪಾಸ್ ಮಾಡ್ತೀವಾ?

ಈ ಕ್ರಮದಲ್ಲೂ ಒಂದು ಕೈಚಳಕ ಇದೆ, ಗಮನಿಸಿ. ಸಕ್ಕರೆ ಎರಡನೇ ಸ್ಥಾನಕ್ಕೆ ಬರಬಾರದು ಅಂದ್ರೆ ಅದನ್ನು ಒಡೆದು ಹಾಕಬಹುದು. ಒಂದಿಷ್ಟು ಸಕ್ಕರೆ, ಒಂದಿಷ್ಟು ಇನ್ವರ್ಟ್ ಸಿರಪ್, ಒಂದಿಷ್ಟು ಲಿಕ್ವಿಡ್ ಗ್ಲೂಕೋಸ್. ಬಿಡಿಬಿಡಿಯಾಗಿ ಕೆಳಗಿನ ಸಾಲಿನಲ್ಲಿ ಇರುತ್ತವೆ, ಕೂಡಿಸಿ ನೋಡಿದ್ರೆ ಮೇಲಕ್ಕೆ ಏರುತ್ತವೆ.

ಈಗ ದೊಡ್ಡ ಉದಾಹರಣೆಗೆ ಬರೋಣ. ನಾವು ಸಣ್ಣವರಿದ್ದಾಗ ಆಸ್ಪತ್ರೆಗೆ ಯಾರನ್ನಾದ್ರೂ ನೋಡೋಕೆ ಹೋಗಬೇಕಂದ್ರೆ ಕೈಯಲ್ಲಿ ಒಂದು ಹಾರ್ಲಿಕ್ಸ್ ಬಾಟ್ಲಿ ಇರಲೇಬೇಕಿತ್ತು. ಮಕ್ಕಳಿಗೆ ಬೋರ್ನ್‌ವಿಟಾ, ಕಾಂಪ್ಲಾನ್. ಇವಕ್ಕೆಲ್ಲ ಒಂದು ಹೆಸರಿತ್ತು, "ಹೆಲ್ತ್ ಡ್ರಿಂಕ್". 2008ರಲ್ಲೇ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಮಕ್ಕಳ ಬೆಳವಣಿಗೆ ಬಗ್ಗೆ ಹಾರ್ಲಿಕ್ಸ್ ಮತ್ತು ಕಾಂಪ್ಲಾನ್ ಜಾಹೀರಾತುಗಳು ಹೇಳ್ತಿದ್ದ ಮಾತಿಗೆ ಸರಿಯಾದ ಪುರಾವೆ ಇಲ್ಲ ಅಂತ ಅವನ್ನು ತಡೆದಿತ್ತು. ನಮ್ಮಲ್ಲಿ ಗಲಾಟೆ ಆಗಿದ್ದು 2023ರ ಏಪ್ರಿಲ್‌ನಲ್ಲಿ. ರೇವಂತ್ ಹಿಮತ್‌ಸಿಂಗ್ಕಾ ಬೋರ್ನ್‌ವಿಟಾದ ಸಕ್ಕರೆ ಬಗ್ಗೆ ಒಂದು ವಿಡಿಯೋ ಹಾಕಿದ್ರು. ಕೋಟಿಗೂ ಹೆಚ್ಚು ಜನ ನೋಡಿದ್ರು. ಕಂಪನಿ ಲೀಗಲ್ ನೋಟಿಸ್ ಕಳಿಸಿತು, ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದ್ರು. ಅದೇ ತಿಂಗಳು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕಂಪನಿಗೆ ನೋಟಿಸ್ ಕೊಟ್ಟಿತು. ವರ್ಷದ ಕೊನೆಗೆ ಬೋರ್ನ್‌ವಿಟಾದಲ್ಲಿ ಸೇರಿಸಿದ ಸಕ್ಕರೆ 100 ಗ್ರಾಂಗೆ 37.4 ಗ್ರಾಂ ಇದ್ದಿದ್ದು 32.2 ಗ್ರಾಂಗೆ ಇಳಿಯಿತು.

ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಮುಂದಿನ ಭಾಗ. 2024ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆನ್‌ಲೈನ್ ಅಂಗಡಿಗಳಿಗೆ ಒಂದು ಮಾತು ಹೇಳಿತು: ಹಾಲು, ಧಾನ್ಯ, ಮಾಲ್ಟ್ ಆಧಾರಿತ ಪಾನೀಯಗಳನ್ನು "ಹೆಲ್ತ್ ಡ್ರಿಂಕ್" ವಿಭಾಗದಲ್ಲಿ ಇಡಬೇಡಿ. ಯಾಕಂದ್ರೆ ಆ ಪದಕ್ಕೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ವ್ಯಾಖ್ಯಾನವೇ ಇಲ್ಲ! ಏಪ್ರಿಲ್ 10ಕ್ಕೆ ವಾಣಿಜ್ಯ ಸಚಿವಾಲಯವೂ ಅದನ್ನೇ ಹೇಳಿತು. ಆಮೇಲೆ ಹಾರ್ಲಿಕ್ಸ್ ಮಾರೋ ಹಿಂದೂಸ್ತಾನ್ ಯೂನಿಲಿವರ್ ತನ್ನ ವಿಭಾಗದ ಹೆಸರನ್ನೇ "ಫಂಕ್ಷನಲ್ ನ್ಯೂಟ್ರಿಷನಲ್ ಡ್ರಿಂಕ್ಸ್" ಅಂತ ಬದಲಾಯಿಸಿತು. ನಮ್ಮ ಅಮ್ಮಂದಿರು ಅಷ್ಟು ವರ್ಷ ನಂಬಿದ ಪದಕ್ಕೆ ಡೆಫಿನಿಷನ್ನೇ ಇರಲಿಲ್ಲ.

ಇದು ನಮಗೆ ಯಾಕೆ ಮುಖ್ಯ ಅಂದ್ರೆ, ಇಂಥ ಆ್ಯಪ್‌ಗಳನ್ನು ಕಟ್ಟೋರು ನಮ್ಮ ಥರದವರೇ. ಯಾವ ಸಾಮಾನು ಯಾವ ಕೆಟಗರಿಗೆ ಹೋಗಬೇಕು ಅನ್ನೋದು ಡೇಟಾಬೇಸಿನಲ್ಲಿ ಒಂದು ಕಾಲಮ್ ಅಷ್ಟೇ. ಟಿವಿ ಜಾಹೀರಾತಿಗಿಂತ ಆ ಕಾಲಮ್ಮೇ ಹೆಚ್ಚು ಮಾರಾಟ ಮಾಡ್ತಿರಬಹುದು ಅಂತ ನನ್ನ ಅನುಮಾನ.

ಎಣ್ಣೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಾವಿರೋದು ಶೇಂಗಾ ಎಣ್ಣೆ ನಾಡಿನಲ್ಲಿ. ಇಲ್ಲಿ ಮನೆಮನೆಗೂ 15 ಕಿಲೋ ಡಬ್ಬ ಬರುತ್ತೆ. "ಕೊಲೆಸ್ಟ್ರಾಲ್ ಇಲ್ಲ" ಅಂತ ಎಲ್ಲಾದ್ರೂ ಓದಿದ್ರೆ ಒಂದು ಕ್ಷಣ ಯೋಚನೆ ಮಾಡಿ. ಕೊಲೆಸ್ಟ್ರಾಲ್ ಇರೋದು ಪ್ರಾಣಿಜನ್ಯ ಆಹಾರದಲ್ಲಿ. ಶೇಂಗಾ, ಹತ್ತಿಬೀಜ, ಸೂರ್ಯಕಾಂತಿ ಯಾವುದರ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರೋಷ್ಟು ಇರಲ್ಲ. "ನಮ್ಮ ಬಾಳೆಹಣ್ಣಿನಲ್ಲಿ ಮೂಳೆ ಇಲ್ಲ" ಅಂದ ಹಾಗೆ. ಕಾನೂನಿಗೂ ಇದು ಗೊತ್ತು. ಎಣ್ಣೆ ಲೇಬಲ್ಲಿನ ಮೇಲೆ "ಕೊಲೆಸ್ಟ್ರಾಲ್ ಫೈಟರ್", "ಡಬಲ್ ರಿಫೈಂಡ್", "ಸೂದಿಂಗ್ ಟು ಹಾರ್ಟ್" ಇಂಥ ಮಾತು ಬರೆಯಬಾರದು ಅಂತ ಪದಗಳ ಪಟ್ಟಿನೇ ಕೊಟ್ಟಿದ್ದಾರೆ. ಆದ್ರೆ ಪದದ ಬದಲು ಹೃದಯದ ಚಿತ್ರ ಬರೆದ್ರೆ ನಮಗೆ ಅರ್ಥ ಆಗಲ್ವಾ?

ಬ್ರ್ಯಾಂಡ್ ಹೆಸರಲ್ಲೇ "ನ್ಯಾಚುರಲ್", "ಪ್ಯೂರ್" ಥರದ ಪದ ಇದ್ದು ದಾರಿ ತಪ್ಪಿಸೋ ಹಾಗಿದ್ರೆ, "ಇದು ಬ್ರ್ಯಾಂಡ್ ಹೆಸರು ಮಾತ್ರ, ಪದಾರ್ಥದ ನಿಜವಾದ ಗುಣವನ್ನು ಹೇಳುವುದಿಲ್ಲ" ಅನ್ನೋ ಅರ್ಥದ ಸಾಲನ್ನು ಕನಿಷ್ಠ 3 ಮಿಲಿಮೀಟರ್ ಅಕ್ಷರದಲ್ಲಿ ಹಾಕಬೇಕು. ಇದು 2018ರ ಜಾಹೀರಾತು ಮತ್ತು ಕ್ಲೇಮ್ ನಿಯಮ. 3 ಮಿಲಿಮೀಟರ್ ಅಂದ್ರೆ ಒಂದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು.

ಇನ್ನು ಅಪ್ಪನ ವಿಷಯ. ಅಪ್ಪ ಅಮ್ಮ ಇರೋದು ಹಾಸನದ ಹತ್ತಿರ. ಅಪ್ಪನಿಗೆ ಶುಗರ್ ಇದೆ. ಅಂಗಡಿಯವರು "ಸಾರ್, ಇದು ಶುಗರ್ ಫ್ರೀ" ಅಂತ ಬಿಸ್ಕತ್ತು ಕೊಡ್ತಾರೆ, ಅಪ್ಪ "ಸಕ್ಕರೆ ಇಲ್ವಲ್ಲ, ನಾಲ್ಕು ತಿಂದ್ರೆ ಏನು" ಅಂತಾರೆ. ನಿಯಮದ ಪ್ರಕಾರ 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರದಿದ್ರೆ ಶುಗರ್ ಫ್ರೀ ಅನ್ನಬಹುದು. ಸರಿ. ಆದ್ರೆ ಮೈದಾ? ಅದು ಹೊಟ್ಟೆಗೆ ಹೋಗಿ ಗ್ಲೂಕೋಸ್ ಆಗುತ್ತೆ. ಮಾಲ್ಟೋಡೆಕ್ಸ್‌ಟ್ರಿನ್ ಇದ್ರೆ ಅದೂ ಬೇಗ ರಕ್ತಕ್ಕೆ ಸೇರುತ್ತೆ, ಲೇಬಲ್ಲಿನ "ಸಕ್ಕರೆ" ಸಾಲಿನಲ್ಲಿ ಮಾತ್ರ ಕಾಣಿಸಲ್ಲ. ಅಪ್ಪ ನೋಡಬೇಕಾದ ಸಾಲು ಒಟ್ಟು ಕಾರ್ಬೋಹೈಡ್ರೇಟ್. ಅಪ್ಪನ ಪ್ರಶ್ನೆ "ನನ್ನ ಶುಗರ್ ಏರುತ್ತಾ" ಅಂತ. ಪ್ಯಾಕೆಟ್ ಉತ್ತರ ಕೊಟ್ಟಿದ್ದು ಬೇರೆ ಪ್ರಶ್ನೆಗೆ. ಉತ್ತರ ನಿಜ, ಆದ್ರೆ ಕೇಳಿದ್ದಕ್ಕಲ್ಲ.

ಅಪ್ಪನೇ ಓದಿಕೊಳ್ಳಲಿ ಅಂದ್ರೆ ಅಲ್ಲೊಂದು ತೊಡಕಿದೆ. ಲೇಬಲ್ಲಿನ ಕಡ್ಡಾಯ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ರೆ ಸಾಕು. ಕನ್ನಡ ಹಾಕಿದ್ರೆ ಹಾಕಬಹುದು, ಕಡ್ಡಾಯ ಅಲ್ಲ. ಆದ್ರೆ ಜಾಹೀರಾತು ಮಾತ್ರ ಅಚ್ಚ ಕನ್ನಡದಲ್ಲಿ ಬರುತ್ತೆ, ಸೀರಿಯಲ್ ಮಧ್ಯದಲ್ಲಿ, ಪರಿಚಯದ ಮುಖದವರ ಬಾಯಲ್ಲಿ. ಆಸೆ ಹುಟ್ಟಿಸೋದು ಕನ್ನಡದಲ್ಲಿ, ಎಚ್ಚರಿಕೆ ಕೊಡೋದು ಇಂಗ್ಲಿಷಿನಲ್ಲಿ. "ಗ್ರಾಹಕ ಎಚ್ಚರವಾಗಿರಬೇಕು" ಅಂತ ಭಾಷಣ ಮಾಡೋರಿಗೆ ಇದನ್ನು ಕೇಳಬೇಕು ಅನ್ನಿಸುತ್ತೆ. ಆ ಎರಡು ಭಾಷೆಯ ನಡುವೆ ಇರೋರು ನಾವು, ಮನೆಯಲ್ಲಿ ಓದೋ ಕೆಲಸ ನಮ್ಮ ಪಾಲಿಗೆ ಬಂದಿದೆ. ನಾನು ವಿಡಿಯೋ ಕಾಲ್‌ನಲ್ಲಿ "ಅಪ್ಪಾ, ಪ್ಯಾಕೆಟ್ ತಿರುಗಿಸಿ ಹಿಡೀರಿ" ಅಂತೀನಿ. 100 ಗ್ರಾಂ ಲೆಕ್ಕದ ಕಾಲಮ್ ಮಾತ್ರ ನೋಡ್ತೀನಿ. "ಪರ್ ಸರ್ವ್" ಅನ್ನೋದು ಕಂಪನಿ ಆರಿಸಿದ ಅಳತೆ, ಎರಡು ಬಿಸ್ಕತ್ತಿಗೆ ನಿಲ್ಲಿಸೋರು ಯಾರಿದ್ದಾರೆ ನಮ್ಮನೇಲಿ?

ಆದ್ರೆ ಓದೋದು ಅರ್ಧ ಕೆಲಸ. ದೂರು ಕೊಡೋದರಲ್ಲಿ ಕಂಪನಿಗಳು ನಮಗಿಂತ ಚುರುಕು. ನಮ್ಮ ಪಕ್ಕದ ಆಣಂದ್‌ನ ಅಮುಲ್ 2017ರಲ್ಲಿ, ಐಸ್‌ಕ್ರೀಮ್ ಹಾಲಿನದ್ದು, ಫ್ರೋಜನ್ ಡೆಸರ್ಟ್ ವನಸ್ಪತಿಯದ್ದು ಅನ್ನೋ ಜಾಹೀರಾತು ಹಾಕಿತು. ಕ್ವಾಲಿಟಿ ವಾಲ್ಸ್‌ನ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಗಿ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಇಬ್ಬರ ಜಗಳದಲ್ಲಿ ನಮಗೆ ಸಿಕ್ಕ ಲಾಭ ಅಂದ್ರೆ, ಐಸ್‌ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್ ಬೇರೆಬೇರೆ ಅನ್ನೋದು ಎಷ್ಟೋ ಜನಕ್ಕೆ ಆಗ ಗೊತ್ತಾಯ್ತು.

ಗ್ರಾಹಕರ ಕಡೆಯಿಂದ ಈ ಕೆಲಸ ಮಾಡೋ ಹಳೇ ಸಂಸ್ಥೆಯೊಂದು ಅಹಮದಾಬಾದಿನಲ್ಲೇ ಇದೆ. ಪ್ರೊ. ಮನುಭಾಯಿ ಶಾ 1978ರಲ್ಲಿ ಶುರುಮಾಡಿದ ಕನ್ಸ್ಯೂಮರ್ ಎಜುಕೇಷನ್ ಆ್ಯಂಡ್ ರಿಸರ್ಚ್ ಸೆಂಟರ್. ಮಾರುಕಟ್ಟೆಯ ಸಾಮಾನನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ, ಬ್ರ್ಯಾಂಡ್ ಹೆಸರಿನ ಸಮೇತ ಹೋಲಿಸಿ ಪ್ರಕಟಿಸ್ತಾರೆ. ಅಹಮದಾಬಾದಿನಲ್ಲಿರೋರು ಇವರ "ಗ್ರಾಹಕ್ ಸಾಥಿ" ಒಮ್ಮೆ ತಿರುವಿ ನೋಡಿ.

ನಾವೇ ದೂರು ಕೊಡೋದಾದ್ರೆ ಪ್ಯಾಕೆಟ್ಟಿನ ಎರಡೂ ಕಡೆ ಫೋಟೋ, ಬ್ಯಾಚ್ ನಂಬರ್, ಬಿಲ್ ಇಟ್ಕೊಳ್ಳಿ. ಆ್ಯಪ್‌ನಲ್ಲಿ ತಗೊಂಡಿದ್ರೆ ಕೆಟಗರಿ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಳ್ಳಿ, ಲಿಸ್ಟಿಂಗ್ ರಾತ್ರೋರಾತ್ರಿ ಬದಲಾಗಬಹುದು. ಎಫ್‌ಎಸ್‌ಎಸ್‌ಎಐನ "ಫುಡ್ ಸೇಫ್ಟಿ ಕನೆಕ್ಟ್" ಆ್ಯಪ್ ಇದೆ. ದಾರಿ ತಪ್ಪಿಸೋ ಜಾಹೀರಾತಿಗೆ ಆಹಾರ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗುಜರಾತಿ ಬರಲ್ಲ, ಹಿಂದಿ ತಡವರಿಸುತ್ತೆ ಅಂತ ಹಿಂಜರಿಯೋರಿಗೆ ಒಂದು ವಿಷಯ: ಆ ನಂಬರಿನಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅಪ್ಪನಿಗೂ ಆ ನಂಬರ್ ಕೊಟ್ಟಿದ್ದೀನಿ.