ಲೆಕ್ಕಕ್ಕಿಂತ ಮಾತು ಕಷ್ಟ

ಭಾರತದ ಸೂಪರ್ ಕಂಪ್ಯೂಟರ್ ಎಂದರೆ ಎಲ್ಲರ ಬಾಯಲ್ಲೂ ಪುಣೆಯ ಪರಮ್. ಅದು ಹೊರಬಂದದ್ದು 1991ರಲ್ಲಿ. ಆದರೆ ಅದರಂತೆಯೇ ಹಲವು ಪ್ರೊಸೆಸರುಗಳನ್ನು ಒಂದೇ ಲೆಕ್ಕಕ್ಕೆ ಹೂಡುವ ಯಂತ್ರವನ್ನು ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್ 1986ರಲ್ಲೇ ಕಟ್ಟಿತ್ತು. ಹೆಸರು ಫ್ಲೋಸಾಲ್ವರ್. ಕೆಲಸ ನಡೆಸಿದವರು ಯು. ಎನ್. ಸಿನ್ಹಾ ಮತ್ತು ಅವರ ತಂಡ. ಬೆನ್ನಿಗೆ ನಿಂತವರು ಆಗಿನ ನಿರ್ದೇಶಕ ರೊದ್ದಂ ನರಸಿಂಹ. ಇವರಿಗೆ ಕಂಪ್ಯೂಟರಿನ ಹುಚ್ಚಿರಲಿಲ್ಲ, ಗಾಳಿಯ ಲೆಕ್ಕ ಬೇಕಿತ್ತು, ಅಷ್ಟೆ.

ಗಾಳಿ, ನೀರಿನ ಹರಿವನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣಗಳು ಕಾಗದದ ಮೇಲೆ ಬಿಡಿಸಲು ಬಗ್ಗುವುದು ತೀರಾ ಸರಳ ಸಂದರ್ಭಗಳಲ್ಲಿ ಮಾತ್ರ. ವಿಮಾನದ ರೆಕ್ಕೆಯ ಸುತ್ತಲಿನ ಜಾಗವನ್ನು ಸಾವಿರಾರು, ಲಕ್ಷಾಂತರ ಪುಟ್ಟ ಕೋಶಗಳಾಗಿ ಸೀಳಿ, ಪ್ರತಿಯೊಂದರಲ್ಲೂ ವೇಗವೆಷ್ಟು, ಒತ್ತಡವೆಷ್ಟು ಎಂದು ಮತ್ತೆ ಮತ್ತೆ ಲೆಕ್ಕ ಹಾಕಬೇಕು. ಒಂದೇ ಪ್ರೊಸೆಸರ್ ಇದನ್ನೆಲ್ಲ ಮುಗಿಸಲು ಯುಗವೇ ಬೇಕು. ಹಾಗಾಗಿ ಕೋಶಗಳನ್ನು ಹಂಚಿಬಿಡುವುದು. ಮೊದಲ ಫ್ಲೋಸಾಲ್ವರಿನಲ್ಲಿ ಇದ್ದದ್ದು ನಾಲ್ಕು ಇಂಟೆಲ್ 8086 ಚಿಪ್, ಜೊತೆಗೆ ದಶಮಾಂಶದ ಲೆಕ್ಕಕ್ಕೆಂದೇ 8087. ಅಂದಿನ ಪಿಸಿಗಳಲ್ಲಿದ್ದ ಜಾತಿಯವೇ, ವಿಶೇಷವೇನಿಲ್ಲ.

ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡರೂ ಬದುವಿನಾಚೆ ನೀರೆಷ್ಟಿದೆ ಎಂದು ಕೇಳಲೇಬೇಕಲ್ಲ, ಇಲ್ಲೂ ಹಾಗೆಯೇ. ಗಡಿಯ ಕೋಶಗಳ ಸಂಖ್ಯೆಗಳನ್ನು ಪ್ರೊಸೆಸರುಗಳು ಪ್ರತಿ ಹೆಜ್ಜೆಗೂ ಪರಸ್ಪರ ಕಳಿಸಿಕೊಳ್ಳಬೇಕು. ಪ್ರೊಸೆಸರುಗಳ ಸಂಖ್ಯೆ ಹೆಚ್ಚಿದಷ್ಟೂ ಒಂದೊಂದರ ಪಾಲಿನ ಲೆಕ್ಕ ಬೇಗ ಮುಗಿಯುತ್ತದೆ, ಆದರೆ ಪಕ್ಕದವರ ಸಂಖ್ಯೆಗಳಿಗಾಗಿ ಕಾಯುವುದು ಜಾಸ್ತಿಯಾಗುತ್ತದೆ. ನನ್ನ ಮಟ್ಟಿಗೆ ಈ ಯಂತ್ರಗಳ ನಿಜವಾದ ಕಥೆ ಇರುವುದೇ ಈ ಕಾಯುವಿಕೆಯಲ್ಲಿ. ವೇಗದ ಜಾಹೀರಾತುಗಳು ಅದನ್ನು ಹೇಳುವುದಿಲ್ಲ.

ವಿಮಾನದ ರೆಕ್ಕೆ ಬಿಟ್ಟು ಹವಾಮಾನಕ್ಕೆ ಬಂದರೆ ಪೇಚು ಇನ್ನೂ ಹೆಚ್ಚು. ದೆಹಲಿಯಲ್ಲಿ ಅಮೆರಿಕದ ಸೂಪರ್ ಕಂಪ್ಯೂಟರ್ ಕ್ರೇ ಓಡಿಸುತ್ತಿದ್ದಂಥ ಮುನ್ಸೂಚನಾ ಮಾದರಿ ಇಡೀ ವಾತಾವರಣವನ್ನು ಅಲೆಗಳ ಮೊತ್ತವಾಗಿ ಕಾಣುತ್ತದೆ. ಒಂದೊಂದು ಅಲೆಯೂ ಭೂಮಿಯನ್ನೇ ಸುತ್ತುವರಿದಿರುವುದರಿಂದ, ಅದರ ಬಲ ತಿಳಿಯಲು ಎಲ್ಲ ಪ್ರೊಸೆಸರುಗಳ ಬಳಿಯ ಸಂಖ್ಯೆಗಳನ್ನೂ ಕೂಡಿಸಬೇಕು. ಪಕ್ಕದವರನ್ನು ಕೇಳಿದರೆ ಸಾಲದು, ಎಲ್ಲರೂ ಎಲ್ಲರೊಡನೆ ಮಾತಾಡಬೇಕು.

ಈ ಪೇಚು ಬಿಡಿಸಲು, ಆಮೇಲಿನ ಪೀಳಿಗೆಯೊಂದರ ಫ್ಲೋಸಾಲ್ವರಿಗೆ ಎನ್‌ಎಎಲ್ ಹಾಕಿದ ಉಪಾಯ ಫ್ಲೋಸ್ವಿಚ್. ಪ್ರೊಸೆಸರುಗಳನ್ನು ಬೆಸೆಯುವ ಸಾಮಾನ್ಯ ಸ್ವಿಚ್ ಬಂದ ಸಂದೇಶವನ್ನು ಮುಂದಕ್ಕೆ ದಾಟಿಸಿ ಸುಮ್ಮನಾಗುತ್ತದೆ. ಇದು ಹಾದುಹೋಗುವ ಸಂಖ್ಯೆಗಳನ್ನು ದಾರಿಯಲ್ಲೇ ಕೂಡಿಸಿ, ಮೊತ್ತವನ್ನಷ್ಟೇ ಎಲ್ಲರಿಗೂ ಹಂಚುತ್ತದೆ. ಮುಂಗಾರಿನ ಮುನ್ಸೂಚನೆಗೆಂದು ಎನ್‌ಎಎಲ್‌ನಲ್ಲೇ ಬರೆದ ‘ವರ್ಷ’ ಮಾದರಿ ಓಡಿದ್ದು ಫ್ಲೋಸಾಲ್ವರ್ ಮೇಲೆಯೇ.