ಬಲೂನಿನಲ್ಲಿ ಹಿಡಿಸುವ ಮಾತು

ಕಾಮಿಕ್ ಬರೆಯುವವರಿಗೆ ಕನ್ನಡ ಲಿಪಿ ಒಡ್ಡುವ ಮೊದಲ ಪೇಚು ಜಾಗದ್ದು. ಇಂಗ್ಲಿಷಿನ ದೊಡ್ಡಕ್ಷರಗಳು ಮಾತಿನ ಬಲೂನಿನೊಳಗೆ ಇಟ್ಟಿಗೆ ಜೋಡಿಸಿದ ಹಾಗೆ ಕೂರುತ್ತವೆ. ನಮ್ಮ ಅಕ್ಷರಕ್ಕೆ ನೆತ್ತಿಯ ಮೇಲೆ ಗುಡಿಸು, ಬಲಕ್ಕೆ ದೀರ್ಘ, ಕಾಲಡಿ ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದೆಂದರೆ ನಡುವೆ ಜಾಗ ಬಿಡಬೇಕು. ಮೂರು ಸಾಲು ಹಿಡಿಸುವಲ್ಲಿ ಎರಡಕ್ಕೇ ತೃಪ್ತಿಪಡಬೇಕು. ಸಾಲದ್ದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸಿಕೊಂಡು ಬೆಳೆಯುವ ಪದಗಳು. ‘ಹೊರಟುಹೋಗಿದ್ದಾರಲ್ಲವೇ’ ಎಂಬುದು ಒಂದೇ ಪದ. ಮುರಿದರೆ ಓದು ಎಡವುತ್ತದೆ, ಮುರಿಯದಿದ್ದರೆ ಬಲೂನು ಪಾತ್ರದ ಮುಖವನ್ನೇ ನುಂಗುತ್ತದೆ. ಅದೇ ಮಾತನ್ನು ಬೆಳಗಾವಿ ಕಡೆಯವರಿಂದ ಆಡಿಸಿದರೆ ‘ಹೋದ್ರಲ್ರೀ’ ಎಂಬಲ್ಲಿಗೆ ಮುಗಿಯಿತು. ‘ರೈಲು ಇನ್ನೂ ಬಂದಿಲ್ಲವೇ, ಚಿಕ್ಕಪ್ಪ’ ಎಂಬುದು ‘ಕಾಕಾ, ಗಾಡಿ ಬಂದಿಲ್ಲೇನ್ರಿ’ ಆಗುತ್ತದೆ. ಗ್ರಂಥಸ್ಥ ಕನ್ನಡಕ್ಕೆ ಇಕ್ಕಟ್ಟಾದ ಬಲೂನು ಆಡುಮಾತಿಗೆ ಸಡಿಲವಾಗುತ್ತದೆ.

ಸ್ವತಂತ್ರವಾಗಿ ವೆಬ್‌ಕಾಮಿಕ್ ಮಾಡಲು ಹೊರಟವರ ಮುಂದಿನ ಯೋಜನೆ ಏನಿರಬೇಕು ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ ಎಂದು ನನ್ನ ವಾದ. ಎಲ್ಲ ಕನ್ನಡಿಗರಿಗೆ, ಆಮೇಲೆ ಎಲ್ಲ ಭಾರತೀಯರಿಗೆ ಎಂದು ಶುರುಮಾಡುವವರು ಭಾಷೆಯನ್ನೂ ಜಾಗವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಒಂದು ಊರನ್ನು ಹಿಡಿದವರು ಉಳಿಯುತ್ತಾರೆ. ವೆಬ್‌ಕಾಮಿಕ್ ಎಂದರೆ ಮುದ್ರಣಕ್ಕೆ ಕಾಯದೆ ಅಂತರ್ಜಾಲದಲ್ಲೇ ಹುಟ್ಟುವ ಚಿತ್ರಕಥೆ. ಪರದೆಗೆ ಪುಟದ ಅಂಚಿನ ಹಂಗಿಲ್ಲ, ಕಥೆ ಎತ್ತ ಬೇಕಾದರೂ ಚಾಚಬಹುದು ಎಂದು ಸ್ಕಾಟ್ ಮೆಕ್‌ಕ್ಲೌಡ್ 2000ದಲ್ಲೇ ಪುಸ್ತಕ ಬರೆದು ವಾದಿಸಿದ್ದರು. ಆ ಹರವು ಕೊನೆಗೆ ಹೆಬ್ಬೆರಳಿನ ಅಳತೆಗೆ ಬಂದು ನಿಂತಿತು. ಕೊರಿಯಾದ ನೇವರ್ 2004ರಲ್ಲಿ ಆರಂಭಿಸಿದ ವೆಬ್‌ಟೂನಿನಲ್ಲಿ ಚಿತ್ರದ ಅಗಲ ಪರದೆಯಷ್ಟು, ಉದ್ದ ಕಥೆ ಎಳೆದಷ್ಟು. ಇನ್ನು ಕೈಚಳಕದ ಮಾತು. 2005ರಲ್ಲಿ ಶುರುವಾದ ಅಮೆರಿಕದ ‘ಎಕ್ಸ್‌ಕೆಸಿಡಿ’ಯಲ್ಲಿ ಇರುವುದು ಕಡ್ಡಿಗೊಂಬೆಗಳು. ಬೆಂಗಳೂರಿನ ರಚಿತಾ ತನೇಜಾ 2014ರಲ್ಲಿ ಆರಂಭಿಸಿದ ‘ಸ್ಯಾನಿಟರಿ ಪ್ಯಾನೆಲ್ಸ್’ನಲ್ಲೂ ಅವೇ. ಓದುಗರನ್ನು ಹಿಡಿದಿಟ್ಟದ್ದು ಯಾರ ಜೊತೆ ಮಾತಾಡುತ್ತಿದ್ದೇವೆಂಬ ಸ್ಪಷ್ಟತೆ ಮತ್ತು ತಪ್ಪದ ವಾರ. ‘ಎಕ್ಸ್‌ಕೆಸಿಡಿ’ ಸೋಮವಾರ, ಬುಧವಾರ, ಶುಕ್ರವಾರ ಬರುತ್ತದೆ; ಅದರ ಓದುಗರಿಗೆ ಅದು ಹಾಲಿನವನ ಗಂಟೆ ಇದ್ದ ಹಾಗೆ.

ಊರು ಹಿಡಿಯುವುದಾದರೆ ಯಾವುದು? ನಾನು ಲೋಂಡಾ ಎನ್ನುತ್ತೇನೆ. ಖಾನಾಪುರ ತಾಲ್ಲೂಕಿನ ಈ ಜಂಕ್ಷನ್ನಿನಲ್ಲಿ ಹುಬ್ಬಳ್ಳಿ, ಧಾರವಾಡ ಕಡೆಯ ಹಳಿ, ಬೆಳಗಾವಿಯ ಹಳಿ ಮತ್ತು ಕ್ಯಾಸಲ್‌ರಾಕ್ ದಾಟಿ ಗೋವೆಗೆ ಇಳಿಯುವ ಹಳಿ ಕೂಡುತ್ತವೆ. ಜೊತೆಗೇ ಕನ್ನಡ, ಮರಾಠಿ, ಕೊಂಕಣಿ ಮತ್ತು ರೈಲ್ವೆಯವರ ಹಿಂದಿಯೂ ಕೂಡುತ್ತವೆ. ಇಂಥ ಕಡೆ ಮಾತಿನ ಅರ್ಧ ಭಾರವನ್ನು ಚಿತ್ರವೇ ಹೊರಬೇಕಾಗುತ್ತದೆ. ಈ ಸೀಮೆಗೆ ಅದು ಹೊಸದಲ್ಲ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಮನೆಯೊಳಗೆ ಮರಾಠಿಗೆ ಹತ್ತಿರದ ನುಡಿ ಆಡುತ್ತಾರೆ, ಪರದೆಯ ಹಿಂದೆ ನಿಂತರೆ ಕನ್ನಡದಲ್ಲಿ ರಾಮಾಯಣ ಹೇಳುತ್ತಾರೆ. ಘಟ್ಟದ ಆಚೆ, ಸಿಂಧುದುರ್ಗ ಜಿಲ್ಲೆಯ ಪಿಂಗುಳಿಯಲ್ಲಿ ಠಾಕರ ಸಮುದಾಯದ ಚಿತ್ರಕಥಿಗಳಿದ್ದಾರೆ. ಬಿಡಿ ಹಾಳೆಗಳಲ್ಲಿ ಬರೆದ ಚಿತ್ರಗಳ ಕಟ್ಟಿಗೆ ಅವರು ಪೋಥಿ ಎನ್ನುತ್ತಾರೆ. ಒಂದೊಂದೇ ಹಾಳೆ ಎತ್ತಿ ನಿಲ್ಲಿಸಿ ಹಾಡುತ್ತ ಕಥೆ ನಡೆಸುತ್ತಾರೆ. ಈ ಕಲೆಗಾಗಿ ಪರಶುರಾಮ ಗಂಗಾವಣೆ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಪೋಥಿ ಹೇಳುವವರ ಮನೆಯ ಆಸ್ತಿ. ಯಾವ ಹಾಳೆಯ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಎದುರಿಗೆ ಕೂತವರನ್ನು ನೋಡಿ ತೀರ್ಮಾನವಾಗುತ್ತದೆ. ವೆಬ್‌ಕಾಮಿಕ್ಕಿಗೆ ಅಜ್ಜಿಮನೆ ಹುಡುಕಿಕೊಂಡು ಅಮೆರಿಕಕ್ಕೆ ಹೋಗುವವರು ಆಂಬೋಲಿ ಘಾಟಿ ಇಳಿದರೂ ಸಾಕಿತ್ತು.

ಸರಕಿಗೂ ಕೊರತೆಯಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಕದಂಬರ ಹಲಸಿ, 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡ, ಎಲ್ಲವೂ ಇದೇ ಖಾನಾಪುರ ತಾಲ್ಲೂಕಿನವು. ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ಬಾವಲಿಯನ್ನು ವಿಜ್ಞಾನ 1913ರಲ್ಲಿ ಹೆಸರಿಸಿತು. ಬಹುಕಾಲ ಆ ಗುಹೆಯೇ ಅದರ ಏಕೈಕ ವಿಳಾಸ ಎಂದು ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಅದು ಕಂಡಿತು. ಅಷ್ಟು ಕಾಲ ಒಂಟಿ ಎಂದುಕೊಂಡವನಿಗೆ ಎಲ್ಲೋ ದೂರದಲ್ಲಿ ನೆಂಟರು ಸಿಕ್ಕ ಕಥೆಯಲ್ಲಿ ಪಾತ್ರವೂ ಇದೆ, ತಿರುವೂ ಇದೆ. ಇಂಥ ಜೀವಿಗಳಿಂದಲೇ ಕಾಮಿಕ್ ಕಟ್ಟಿ ಬದುಕಬಹುದೆಂಬುದಕ್ಕೆ ದಂತವೈದ್ಯಕೀಯ ಓದಿ ಅದನ್ನು ಬಿಟ್ಟುಬಂದ ನಾಗಪುರದ ರೋಹನ್ ಚಕ್ರವರ್ತಿ ಸಾಕ್ಷಿ. ಅವರ ‘ಗ್ರೀನ್ ಹ್ಯೂಮರ್’ ಜಾಲದಲ್ಲಿ ಹುಟ್ಟಿ, ಪತ್ರಿಕೆಗೆ ದಾಟಿ, ಪುಸ್ತಕವಾಯಿತು. ಒಂದೊಂದು ಸೀಮೆಯ ಪ್ರಾಣಿಪಕ್ಷಿಗಳ ಚಿತ್ರನಕ್ಷೆಗಳೂ ಅದರಿಂದ ಹೊರಟವು. ಸೀಮೆ ಹಿಡಿದು ಬರೆದದ್ದಕ್ಕೇ ಆ ನಕ್ಷೆಗಳನ್ನು ಕೇಳುವವರಿದ್ದಾರೆ.

ಸ್ವಾತಂತ್ರ್ಯ ಎಂಬ ಪದವನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಸೂಪರ್‌ಮ್ಯಾನನ್ನು ಹುಟ್ಟಿಸಿದ ಇಬ್ಬರು ಹುಡುಗರು 1938ರಲ್ಲಿ ಅವನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆಮೇಲಿನ ಅವರ ಬದುಕೆಲ್ಲ ಆ ಸಹಿಯ ಜೊತೆ ಗುದ್ದಾಟ. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದರ ಪರ ಇರುವಷ್ಟು ಕಲಾವಿದರು ಅದನ್ನು ಓದಿಲ್ಲ. ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷಕ್ಕೆ, ಸೀಮೆ ನಮೂದಿಸದಿದ್ದರೆ ಭಾರತಕ್ಕಷ್ಟೇ. ಉಳಿದಂತೆ ಕೃತಿ ಕಲಾವಿದರ ಜೀವಮಾನವಿಡೀ, ಆಮೇಲೆ 60 ವರ್ಷ ಮನೆಯವರ ಕೈಯಲ್ಲಿರುತ್ತದೆ. ಕುಂದಾಪುರದಲ್ಲಿ ಕೂತು ಬರೆಯುವ ಸತೀಶ ಆಚಾರ್ಯರ ವ್ಯಂಗ್ಯಚಿತ್ರವೊಂದನ್ನು 2018ರಲ್ಲಿ ದೆಹಲಿಯ ಇಂಗ್ಲಿಷ್ ಪತ್ರಿಕೆಯೊಂದು ತಿರಸ್ಕರಿಸಿತು, ಅಂಕಣವೂ ನಿಂತಿತು. ಅದೇ ಚಿತ್ರ ಅವರ ಪುಟದಿಂದಲೇ ಜನರನ್ನು ಮುಟ್ಟಿತು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ತನೇಜಾ ಅವರ ಚಿತ್ರಗಳಿಗಾಗಿ 2020ರಲ್ಲಿ ನ್ಯಾಯಾಂಗ ನಿಂದನೆಯ ಪ್ರಕರಣ ಎದ್ದಿತು. ಸಂಪಾದಕರಿಲ್ಲ ಅಂದರೆ ಸಂಸ್ಥೆಯ ವಕೀಲರೂ ಇಲ್ಲ ಎಂಬುದನ್ನು ಸ್ವತಂತ್ರರು ಲೆಕ್ಕಕ್ಕೆ ಹಿಡಿದೇ ಕೂರಬೇಕು.

ಇಷ್ಟು ಸಣ್ಣ ಓದುಗವರ್ಗದಿಂದ ಹೊಟ್ಟೆ ತುಂಬುತ್ತದೆಯೇ ಎಂಬುದು ಮೊದಲ ಆಕ್ಷೇಪ. ತುಂಬುವುದಿಲ್ಲ, ಕನಿಷ್ಠ ಮೊದಲ ಕೆಲವು ವರ್ಷ. 2013ರಲ್ಲಿ ಬಂದ ಪೇಟ್ರಿಯಾನ್ ಥರದ ತಿಂಗಳ ವಂತಿಗೆಯ ಏರ್ಪಾಟು ಇಂಗ್ಲಿಷಿನವರಿಗೆ ಒದಗಿದಷ್ಟು ಸಲೀಸಾಗಿ ನಮಗೆ ಒದಗದು. ಆದರೆ ಬೇರೆ ಕೆಲಸ ಇಟ್ಟುಕೊಂಡೇ ನಡೆಸುವುದು ಕನ್ನಡದ ಹಳೆಯ ಪರಿಪಾಠ. ‘ರಾಶಿ’ ಎಂಬ ಹೆಸರಿನ ಡಾ. ಎಂ. ಶಿವರಾಂ ವೈದ್ಯವೃತ್ತಿಯ ನಡುವೆಯೇ 1942ರಿಂದ 1967ರವರೆಗೆ ‘ಕೊರವಂಜಿ’ಯನ್ನು ನಡೆಸಿದರು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಇಪ್ಪತ್ತೈದು ವರ್ಷ ನಡೆದದ್ದನ್ನು ಹವ್ಯಾಸ ಎನ್ನಲಾಗದು. ಮರಾಠಿ ಮನೆಗಳ ನಡುವೆ ಕನ್ನಡ ಕಾಮಿಕ್ ಏಕೆ ಎಂಬುದು ಇನ್ನೊಂದು ತಕರಾರು. ಚಿತ್ರದ ಫೈಲಿನಲ್ಲಿ ಅಕ್ಷರಗಳು ಬೇರೆಯೇ ಪದರದಲ್ಲಿರುತ್ತವೆ. ಆ ಪದರ ಬದಲಿಸಿದರೆ ಅದೇ ಗಾಡಿ ಮರಾಠಿಯಲ್ಲೂ ಓಡುತ್ತದೆ. ನಗೆ ಹಾಗೆ ಸುಲಭವಾಗಿ ಬದಲಾಗದು, ಆ ಕೆಲಸಕ್ಕೆ ಎರಡೂ ಭಾಷೆ ಬಲ್ಲವರೇ ಬೇಕು. ಲೋಂಡಾದಲ್ಲಿ ಅಂಥವರನ್ನು ಹುಡುಕಲು ಜಾಹೀರಾತು ಬೇಡ. ಕೃತಕ ಬುದ್ಧಿಮತ್ತೆಯ ಯಂತ್ರವೇ ಚಿತ್ರ ಬರೆಯುವಾಗ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಯಂತ್ರ ರೈಲನ್ನು ಬರೆದೀತು. ಘಾಟಿಯ ಗಾಡಿಗೆ ಹಿಂದೆಯೂ ಎಂಜಿನ್ ಇರುತ್ತದೆ, ಅದನ್ನು ಬ್ಯಾಂಕರ್ ಎನ್ನುತ್ತಾರೆ ಎಂದು ಅದಕ್ಕೆ ಹೇಳಿಕೊಡುವವರು ಮೊದಲು ಅಲ್ಲಿರಬೇಕು.

ಹಾಗಾಗಿ ಲೋಂಡಾದ ಕಾಮಿಕ್ಕಿನ ಮೊದಲ ವರ್ಷಕ್ಕೆ ವಾರಕ್ಕೊಂದು ಕಂತು, ಒಂದೇ ಸೀಮೆ, ನಾಲ್ಕೈದು ಪಾತ್ರ ಸಾಕು. ಮೂಲ ಚಿತ್ರವನ್ನು ಇಂಚಿಗೆ 300 ಚುಕ್ಕಿಯ ಸಾಂದ್ರತೆಯಲ್ಲಿ ಕಾದಿಟ್ಟರೆ ನಾಳೆ ಪುಸ್ತಕವಾಗಲು ಅಡ್ಡಿಯಿಲ್ಲ. ಪರದೆಗೆಂದು ಕುಗ್ಗಿಸಿದ ಪ್ರತಿಯೊಂದೇ ಉಳಿದರೆ ಮುದ್ರಣದಲ್ಲಿ ಗೆರೆಗಳು ಮಸುಕಾಗುತ್ತವೆ. ಕಥೆಯ ಬೆನ್ನೆಲುಬಾಗಿ ಘಾಟಿಯೇ ಇದೆ. ಕ್ಯಾಸಲ್‌ರಾಕಿನಿಂದ ಗೋವೆಯ ಕುಳೆಂವರೆಗೆ ಸುಮಾರು 26 ಕಿಲೋಮೀಟರ್, 37 ಅಡಿಗೆ ಒಂದು ಅಡಿಯ ಇಳಿಜಾರು, ನಡುವೆ ದೂಧಸಾಗರ ಜಲಪಾತ. ಮೇಲಿನಿಂದ ಕೆಳಗೆ ಜಾರುವ ಪರದೆಗೆಂದೇ ಹಾಕಿದಂತಿರುವ ಹಳಿ. ಹೆಬ್ಬೆರಳು ಸರಿದಂತೆ ಗಾಡಿಯೂ ಇಳಿಯುತ್ತದೆ, ನೀರೂ ಇಳಿಯುತ್ತದೆ. ತೊಡಕು ಇರುವುದು ವಾಪಸು ಬರುವ ಗಾಡಿಯಲ್ಲಿ. ಬ್ಯಾಂಕರ್ ಎಂಜಿನ್‌ಗಳು ಹಿಂದಿನಿಂದ ಒತ್ತಿ ಏದುಸಿರಿನಲ್ಲಿ ಮೇಲೇರಿಸುವಾಗಲೇ ಘಾಟಿಯ ನಿಜವಾದ ದುಡಿಮೆ ಕಾಣುವುದು. ಆದರೆ ಓದುಗರ ಹೆಬ್ಬೆರಳು ಆಗಲೂ ಕಥೆಯನ್ನು ಕೆಳಕ್ಕೇ ಎಳೆಯುತ್ತಿರುತ್ತದೆ. ಆ ಕಂತನ್ನು ಕೊನೆಯ ಚೌಕದಿಂದ ಶುರುಮಾಡಿ ಮೇಲಕ್ಕೆ ಓದಿಸಬೇಕೋ, ಗಾಡಿಯನ್ನು ನಿಂತಲ್ಲೇ ಬಿಟ್ಟು ಬೆಟ್ಟವನ್ನೇ ಕೆಳಕ್ಕೆ ಜಾರಿಸಬೇಕೋ ಎಂಬುದನ್ನು ಪೆನ್ಸಿಲ್ ಹಿಡಿದವರೇ ಬಗೆಹರಿಸಬೇಕು.